ತಸ್ತೀಕಿನ ಲೆಕ್ಕ ಗೋಡೆಯ ಮೇಲಿರಲಿ

ಚರ್ಚು ಮತ್ತು ಸರ್ಕಾರಗಳ ನಡುವಿನ ಒಪ್ಪಂದಕ್ಕೆ ಯುರೋಪಿನಲ್ಲಿ ‘ಕಾನ್‌ಕಾರ್ಡಾಟ್’ ಎನ್ನುತ್ತಾರೆ. ಹೃದಯ ಎಂಬರ್ಥದ ಲ್ಯಾಟಿನ್ ‘ಕೋರ್’ ಅದರ ಬೇರು; ಮನಸ್ಸುಗಳು ಕೂಡಿದವು ಎಂಬುದು ಭಾವ. ಹುಟ್ಟಿದ್ದು ಮಾತ್ರ ಜಗಳದಿಂದ. ಬಿಷಪ್‌ಗೆ ಉಂಗುರ, ದಂಡ ಕೊಡುವವರು ಪೋಪರೋ ಚಕ್ರವರ್ತಿಯೋ ಎಂಬ ದೀರ್ಘ ಕಲಹ 1122ರಲ್ಲಿ ವೋರ್ಮ್ಸ್ ಪಟ್ಟಣದ ಒಪ್ಪಂದದಿಂದ ತಣ್ಣಗಾಯಿತು.

ಇದು ದೂರದ ಸುದ್ದಿಯಲ್ಲ. 1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ಮಾಡಿಕೊಂಡ ಇಂಥದ್ದೇ ಒಪ್ಪಂದ ಭಾರತದ ಚರ್ಚುಗಳ ಮೇಲಿನ ಹಕ್ಕನ್ನು ಹಂಚಿತು. ಅದೇ ವರ್ಷ ಮೈಸೂರು ಧರ್ಮಪ್ರಾಂತ್ಯವೂ ರೂಪುಗೊಂಡಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕ್ರೈಸ್ತರಿದ್ದದ್ದು ಈ ಸೀಮೆಯಲ್ಲೇ.

ನಮ್ಮ ದೇವಸ್ಥಾನಗಳ ಜಮೀನಿನ ಕತೆಗೆ ತೀರ ಹತ್ತಿರ ಬರುವುದು 1801ರ ನೆಪೋಲಿಯನ್ ಒಪ್ಪಂದ. ಕ್ರಾಂತಿಯ ಕಾಲದಲ್ಲಿ ಫ್ರಾನ್ಸ್ ಚರ್ಚಿನ ಜಮೀನನ್ನು ವಶಪಡಿಸಿಕೊಂಡಿತ್ತು. ಅದನ್ನು ಮರಳಿ ಕೇಳುವುದಿಲ್ಲವೆಂದು ಪೋಪ್ ಒಪ್ಪಿದರು. ಪಾದ್ರಿಗಳಿಗೆ ಸಂಬಳ ಕೊಡುವ ಹೊಣೆಯನ್ನು ಸರ್ಕಾರ ಹೊತ್ತಿತು. 1905ರಲ್ಲಿ ಫ್ರಾನ್ಸ್ ಈ ಒಪ್ಪಂದವನ್ನು ಕೈಬಿಟ್ಟರೂ ಆಗ ಜರ್ಮನಿಯ ವಶದಲ್ಲಿದ್ದ ಅಲ್ಸೇಸಿನಲ್ಲಿ ಅದು ಉಳಿಯಿತು, ಇಂದಿಗೂ ಇದೆ.

ಹಳೆ ಮೈಸೂರಿನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದತಿ ಕಾಯ್ದೆ ದೇವರ ಹೆಸರಿನ ಇನಾಮು ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿತು. ಬದಲಿಗೆ ಪೂಜೆ, ನೈವೇದ್ಯ ನಿಲ್ಲದಿರಲೆಂದು ವರ್ಷಾಶನ ನಿಗದಿಯಾಯಿತು. ಅರ್ಚಕರ ಬಾಯಲ್ಲಿ ಅದು ತಸ್ತೀಕು. ಅರಬ್ಬಿ ಮೂಲದ ಈ ಮಾತಿಗೆ ‘ದೃಢೀಕರಣ’ ಎಂದರ್ಥ. ದೇವಸ್ಥಾನಗಳನ್ನು ನೋಡಿಕೊಳ್ಳುವ ಇಲಾಖೆಗಿರುವ ಮುಜರಾಯಿ ಎಂಬ ಹೆಸರೂ ‘ಲೆಕ್ಕದಲ್ಲಿ ವಜಾ ಹಾಕಿದ್ದು’ ಎಂಬರ್ಥದ ದಫ್ತರದ ಮಾತೇ. ಎರಡರಲ್ಲೂ ದಾನದ ಸುಳಿವಿಲ್ಲ.

ಆದರೂ 2022ರ ಬಜೆಟ್‌ನಲ್ಲಿ ಕಡಿಮೆ ಆದಾಯದ ‘ಸಿ’ ವರ್ಗದ ದೇವಸ್ಥಾನಗಳ ತಸ್ತೀಕು 48,000ದಿಂದ 60,000 ರೂಪಾಯಿಗೆ ಏರಿದಾಗ ಅದು ಸರ್ಕಾರದ ಉದಾರತೆ ಎಂಬಂತೆಯೇ ಸುದ್ದಿಯಾಯಿತು. ತೆರಿಗೆ ಹಣ ದೇವರಿಗೇಕೆ ಎಂದು ಒಬ್ಬರು, ದೇವರ ಹಣವನ್ನು ಸರ್ಕಾರ ತಿನ್ನುತ್ತಿದೆ ಎಂದು ಇನ್ನೊಬ್ಬರು. ಮಾಗಡಿಯಲ್ಲಾಗಲಿ ಚನ್ನಪಟ್ಟಣದಲ್ಲಾಗಲಿ ಹೀಗೆ ವಾದಕ್ಕೆ ಇಳಿಯುವ ಎಷ್ಟು ಮಂದಿ ತಮ್ಮೂರ ಗುಡಿಯ ಕಡತ ಕಂಡಿದ್ದಾರೆ?

ಇನಾಮು ರದ್ದಾದ ಮೇಲೆ ಉಳುವವರ ಕೈಸೇರಿದ ಭೂಮಿಯನ್ನು ಈಗ ಕಸಿಯಬೇಕೆಂಬುದು ಇಲ್ಲಿನ ವಾದವಲ್ಲ; ಅದು ಅವರ ಬೆವರಿನ ನೆಲ. ಕೇಳಬೇಕಾದ್ದು ಲೆಕ್ಕ. ಕಾನ್‌ಕಾರ್ಡಾಟ್‌ಗೆ ಎರಡೂ ಕಡೆಯ ರುಜು ಇರುತ್ತದೆ, ಯಾರು ಬೇಕಾದರೂ ಓದಬಹುದು. ತಸ್ತೀಕಿನ ವಿವರ ಕಚೇರಿಯ ರಿಜಿಸ್ಟರಿನಲ್ಲಿ ಮಲಗಿದೆ. ಯಾವ ಸರ್ವೆ ನಂಬರಿನ ಎಷ್ಟು ಎಕರೆ ಹೋಯಿತು, ಅದಕ್ಕೆ ಮೊದಲು ನಿಗದಿಯಾದ ಮೊತ್ತವೆಷ್ಟು, ಈಗ ಬರುವುದೆಷ್ಟು, ಕಳೆದ ಕಂತು ಯಾವಾಗ ಬಂತು ಎಂಬುದನ್ನು ಮುಜರಾಯಿ ಇಲಾಖೆ ಪ್ರತಿ ಗುಡಿಯ ಹೊರಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಿಂದಲೇ ಈ ಕೆಲಸ ಶುರುವಾಗಬಹುದು. ಇದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.