ಮಹಡಿ ಎಣಿಸುವವರ ನಡುವೆ ತೆರಕಣಾಂಬಿ

ಗುಂಡ್ಲುಪೇಟೆ ಬೆಳೆದಿದೆಯೋ ಚಾಮರಾಜನಗರ ಬೆಳೆದಿದೆಯೋ ಎಂಬ ವಾದ ತೆರಕಣಾಂಬಿಯ ಟೀ ಅಂಗಡಿಯಲ್ಲಿ ಒಮ್ಮೆ ಎದ್ದರೆ ಬಸ್ಸು ಬರುವವರೆಗೂ ನಿಲ್ಲುವುದಿಲ್ಲ. ಲೆಕ್ಕ ನೋಡಿದರೆ ಜಗಳಕ್ಕೆ ಜಾಗವೇ ಇಲ್ಲ. 2011ರ ಜನಗಣತಿಯಲ್ಲಿ ಚಾಮರಾಜನಗರದ ಜನಸಂಖ್ಯೆ ಸುಮಾರು 70 ಸಾವಿರ, ಗುಂಡ್ಲುಪೇಟೆಯದು ಸುಮಾರು 28 ಸಾವಿರ. ಒಂದು ಜಿಲ್ಲಾ ಕೇಂದ್ರ, ಇನ್ನೊಂದು ಅದರ ಕೈಕೆಳಗಿನ ತಾಲ್ಲೂಕು ಕೇಂದ್ರ. ಆದರೂ ಗುಂಡ್ಲುಪೇಟೆಯ ಪರ ವಕಾಲತ್ತು ವಹಿಸುವವರು ಸೋಲೊಪ್ಪುವುದಿಲ್ಲ. ಊಟಿ ರಸ್ತೆಯ ಲಾಡ್ಜು ನೋಡಿ, ಕೇರಳ ರಸ್ತೆಯ ಹೋಟೆಲು ನೋಡಿ, ರಾತ್ರಿ ಆ ದೀಪದ ಝಗಝಗ ನೋಡಿ ಎನ್ನುತ್ತಾರೆ. ಚಾಮರಾಜನಗರದವರು ಜಿಲ್ಲಾಡಳಿತ ಭವನವನ್ನೂ ಮೆಡಿಕಲ್ ಕಾಲೇಜನ್ನೂ ತೋರಿಸುತ್ತಾರೆ. ಎರಡೂ ಪಕ್ಷದವರ ಅಳತೆಗೋಲು ಒಂದೇ: ಯಾವ ಊರಿನಲ್ಲಿ ಎಷ್ಟು ಮಹಡಿ ಎದ್ದಿತು ಎಂಬುದು.

ಗುಂಡ್ಲುಪೇಟೆಗೆ ಹತ್ತು ಹನ್ನೆರಡು ಕಿಲೋಮೀಟರು, ಚಾಮರಾಜನಗರಕ್ಕೆ ಅದರ ಎರಡರಷ್ಟು. ಹೀಗೆ ಎರಡರ ನಡುವೆ ಕೂತಿರುವ ತೆರಕಣಾಂಬಿಗೆ ಈ ವಾದದಲ್ಲಿ ತೀರ್ಪು ಹೇಳುವ ಅಧಿಕಾರ ಉಂಟು ಎಂದು ನನಗನಿಸುತ್ತದೆ. ಆ ಎರಡು ಊರಿನ ಮಹಡಿಯಲ್ಲಿ ಕೂರುವವರಲ್ಲ ತೆರಕಣಾಂಬಿಯವರು. ಕೆಲಸಕ್ಕೆಂದು ಅಲ್ಲಿಗೆ ಹೋಗಿ ಬರುವವರು. ಕಟ್ಟಡದ ಎತ್ತರ ನೋಡಿದರೆ ಆ ಊರಿಗೆ ಹಣ ಯಾವ ದಾರಿಯಲ್ಲಿ ಬಂತು ಎಂದು ತಿಳಿಯುತ್ತದೆ. ಊರು ನಿಜಕ್ಕೂ ಬೆಳೆಯಿತೇ ಎಂಬುದನ್ನು ಸುತ್ತಲ ಹಳ್ಳಿಯವರನ್ನೇ ಕೇಳಬೇಕು.

ಮೊದಲು ಹಣದ ದಾರಿಯ ವಿಚಾರ. ಚಾಮರಾಜನಗರ ಬೆಳೆದದ್ದು ಆಜ್ಞೆಯಿಂದ. ಅದರ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಅಲ್ಲಿ ಹುಟ್ಟಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಆಷಾಢದಲ್ಲಿ ಹೊಸದಾಗಿ ಮದುವೆಯಾದ ಜೋಡಿಗಳು ತೇರಿಗೆ ಹಣ್ಣು ಜವನ ಎಸೆಯಲು ಬರುವುದು ಈ ದೇವರ ಸನ್ನಿಧಿಗೇ. 1926ರಲ್ಲಿ ನಂಜನಗೂಡಿನಿಂದ ರೈಲು ಬಂತು, ಬಂದು ಅಲ್ಲೇ ನಿಂತಿತು. ಸತ್ಯಮಂಗಲದ ಕಾಡು ದಾಟಿ ಮೆಟ್ಟುಪಾಳಯಕ್ಕೆ ಹೋಗಬೇಕೆಂಬ ಮಾತು ಎಷ್ಟೋ ವರ್ಷಗಳಿಂದ ಕಾಗದದಲ್ಲೇ ಓಡುತ್ತಿದೆ. ಕೊನೆಗೆ 1997ರ ಆಗಸ್ಟ್ 15ರಂದು ಜಿಲ್ಲೆಯ ಪಟ್ಟ. ಹೆಸರು, ಗುಡಿ, ರೈಲು, ಜಿಲ್ಲೆ: ನಾಲ್ಕನ್ನೂ ಯಾರೋ ಮೇಲೆ ಕೂತವರು ಸಹಿ ಹಾಕಿ ಕೊಟ್ಟರು. ಹಾಗೆ ಕೊಡುವ ಕೈಗಳೇ ಈ ಊರಿಗೆ ಬರಲು ಹೆದರುತ್ತಿದ್ದದ್ದು ಬೇರೆ ತಮಾಷೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆ ವರ್ಷಗಟ್ಟಲೆ ವಿಧಾನಸೌಧವನ್ನು ಆಳಿತು. ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಬಂದುಹೋಗಿ ಐದು ವರ್ಷ ಪೂರೈಸಿದ ಮೇಲೆ ಆ ಮಾತಿನ ಕಾವು ಇಳಿಯಿತು.

ಗುಂಡ್ಲುಪೇಟೆಯದು ರಸ್ತೆಯ ಕಥೆ. ಅದಕ್ಕೂ ಒಬ್ಬ ಅರಸನಿದ್ದಾನೆ. ತನ್ನ ತಂದೆ ತೀರಿಕೊಂಡ ಊರೆಂದು ಚಿಕ್ಕದೇವರಾಜ ಒಡೆಯರು ಇಲ್ಲಿ ಅಗ್ರಹಾರ ಮಾಡಿ, ಪರವಾಸುದೇವನ ಗುಡಿ ಕಟ್ಟಿಸಿದರು. ಆ ಗುಡಿ ಪಾಳುಬಿದ್ದು, ಮೂರ್ತಿ ಊರೊಳಗಿನ ವಿಜಯನಾರಾಯಣಸ್ವಾಮಿ ದೇವಸ್ಥಾನ ಸೇರಿದೆ. ಇಂದಿನ ಪೇಟೆ ಎದ್ದಿರುವುದು ಮಾತ್ರ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಜಾಗದಲ್ಲಿ. 766 ವಯನಾಡಿನ ಕಡೆಗೆ, 181 ಊಟಿಯ ಕಡೆಗೆ. ರಸ್ತೆಯೇ ಇಲ್ಲಿ ಅನ್ನದಾತ, ರಸ್ತೆಯೇ ಕಟ್ಟುಪಾಡು. 2009ರಿಂದ ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ, ಕೇರಳ ರಸ್ತೆಯಲ್ಲಿ ಮದ್ದೂರು: ಎರಡೂ ಚೆಕ್‌ಪೋಸ್ಟಿನಲ್ಲಿ ಗೇಟು ಬಿದ್ದ ಮೇಲೆ ಟೊಮೆಟೊ ಲಾರಿಯೂ ನಿಲ್ಲಬೇಕು, ಹನಿಮೂನಿನ ಕಾರೂ ನಿಲ್ಲಬೇಕು. ಸಿಕ್ಕಿಬಿದ್ದವರು ಉಳಿಯುವುದು ಗುಂಡ್ಲುಪೇಟೆಯಲ್ಲಿ. ಲಾಡ್ಜುಗಳ ಅಂತಸ್ತಿನಲ್ಲಿ ಈ ಗೇಟಿಗೂ ಒಂದು ಪಾಲಿದೆ. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದ ಮೇಲೆ ಕಾಡಿನ ಕಡೆಗೆ ಮನಬಂದಂತೆ ಕಟ್ಟುವ ಹಾಗೂ ಇಲ್ಲ. ಆದ್ದರಿಂದ ಈ ಊರಿನ ಬೆಳವಣಿಗೆ ಹುಲಿಯ ಅನುಮತಿಯ ಮೇಲೆ ನಡೆಯುವಂಥದ್ದು. ನನ್ನ ಕೇಳಿದರೆ ಅದು ಸರಿಯೇ. ಕಾಡು ಉಳಿಯದೆ ಊಟಿ ರಸ್ತೆಗೆ ಬರುವವರು ಯಾರು? ಆದರೆ ತನ್ನ ಕೈಯಲ್ಲಿಲ್ಲದ ಗೇಟನ್ನು ನಂಬಿ ಬೆಳೆದ ಪೇಟೆ ಅದನ್ನು ಸ್ವಂತ ಸಾಮರ್ಥ್ಯವೆಂದು ಬೀಗುವುದು ತರವಲ್ಲ.

ಈಗ ತೆರಕಣಾಂಬಿಯತ್ತ ನೋಡಿ. ಇಂದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಏಳುನೂರು ವರ್ಷದ ಹಿಂದೆ ಲೆಕ್ಕ ತಿರುವುಮುರುವಾಗಿತ್ತು. ಹೊಯ್ಸಳರ ಕಾಲದಲ್ಲಿ ಪೆರುಮಾಳ ದಂಡನಾಯಕ, ಅವನ ಮಗ ಮಾಧವ ದಂಡನಾಯಕ ಈ ಸೀಮೆಯ ಒಡೆಯರು. ನೀಲಗಿರಿಯನ್ನು ಗೆದ್ದವರೆಂಬ ಬಿರುದು ಆ ಮನೆತನದ್ದು, ಮಾಧವ ಆಳಿದ್ದು ತೆರಕಣಾಂಬಿಯಿಂದ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿ 1315ರಲ್ಲಿ ಎದ್ದದ್ದು ಅವನಿಂದಲೇ. ಆಮೇಲೆ ಉಮ್ಮತ್ತೂರಿನ ಪಾಳೆಯಗಾರರು, ವಿಜಯನಗರದವರು, ಹದಿನೇಳನೆಯ ಶತಮಾನದ ಮೊದಲಲ್ಲಿ ರಾಜ ಒಡೆಯರು. ಮೈಸೂರಿಗೆ ಸೇರಿದ ಮೇಲೆ ರಾಜಧಾನಿ ಒಂದು ಠಾಣೆಯಾಯಿತು, ಠಾಣೆ ಒಂದು ಸಂತೆಯ ಊರಾಯಿತು. ಲಕ್ಷ್ಮೀವರದರಾಜಸ್ವಾಮಿ, ಹಂಡೆ ಗೋಪಾಲಸ್ವಾಮಿ ಗುಡಿಗಳ ಗಾತ್ರ ಇಂದಿನ ಊರಿಗೆ ಹೊಂದುವುದೇ ಇಲ್ಲ. ಬೀದಿಯ ಕೊನೆಯಲ್ಲಿ ಹಂಚಿನ ಮನೆ, ಪಕ್ಕದಲ್ಲಿ ಗೊಬ್ಬರದ ಅಂಗಡಿ, ಅದರ ಬೆನ್ನಿಗೆ ಆನೆ ಹಾಯುವಷ್ಟು ದೊಡ್ಡ ಕಲ್ಲಿನ ಬಾಗಿಲು. ಆ ಬಾಗಿಲನ್ನು ಕಟ್ಟಿಸಿದವರು ತಮ್ಮ ಊರಿನ ಬೆಳವಣಿಗೆಯನ್ನು ಶಾಶ್ವತವೆಂದೇ ಬಗೆದಿರಬೇಕು.

ಇದನ್ನು ವೈರಾಗ್ಯಕ್ಕಾಗಿ ಹೇಳುತ್ತಿಲ್ಲ. ಇಲ್ಲಿ ಒಂದು ಕಾರಣವಿದೆ. ತೆರಕಣಾಂಬಿ ಕುಗ್ಗಿದ್ದು ಅದರ ಜನ ಸೋಮಾರಿಗಳಾದ್ದರಿಂದಲ್ಲ, ಭೂಮಿ ಬಂಜೆಯಾದ್ದರಿಂದಲೂ ಅಲ್ಲ. ಅಧಿಕಾರದ ಪೀಠ ಎದ್ದು ಹೋಯಿತು. ಅದರ ಹಿಂದೆಯೇ ದಾರಿ ಹೋಯಿತು. ಅಂದರೆ ಆಜ್ಞೆಯಿಂದ ಏರಿದ ಊರು ಆಜ್ಞೆಯಿಂದ ಇಳಿಯಬಹುದು, ದಾರಿಯಿಂದ ಏರಿದ ಊರು ದಾರಿ ತಪ್ಪಿದರೆ ಇಳಿಯಬಹುದು. ಚಾಮರಾಜನಗರ ಮೊದಲನೆಯದು, ಗುಂಡ್ಲುಪೇಟೆ ಎರಡನೆಯದು. 1997ರಲ್ಲಿ ಅದೇ ದಿನ ಜಿಲ್ಲೆಯಾದ ದಾವಣಗೆರೆಯನ್ನು ಹೋಲಿಸಿ ನೋಡಿ. ಹತ್ತಿ ಗಿರಣಿ, ಮಂಡಿ, ಕಾಲೇಜು ಎಂದು ಅದು ಆ ವೇಳೆಗೆ ತನ್ನ ಜಿಲ್ಲಾ ಕೇಂದ್ರವಾಗಿದ್ದ ಚಿತ್ರದುರ್ಗವನ್ನು ಮೀರಿಸಿ ನಿಂತಿತ್ತು. ಜಿಲ್ಲೆಯ ಪಟ್ಟ ಬೆಳೆದ ಊರಿಗೆ ಸಿಕ್ಕ ಮಾನ್ಯತೆ. ಚಾಮರಾಜನಗರಕ್ಕೆ ಪಟ್ಟ ಮೊದಲು ಬಂತು, ಬೆಳವಣಿಗೆ ಅದರ ಬೆನ್ನು ಹಿಡಿದು ಏದುಸಿರು ಬಿಡುತ್ತಾ ಬರುತ್ತಿದೆ.

ಇನ್ನು ಹಳ್ಳಿಯವರ ಅಳತೆ. ತೆರಕಣಾಂಬಿಯಿಂದ ಒಬ್ಬ ಬೆಳಿಗ್ಗೆ ಬಸ್ಸು ಹತ್ತಿದ ಎನ್ನಿ. ಪಹಣಿ ತಿದ್ದುಪಡಿಗೆ ಗುಂಡ್ಲುಪೇಟೆಯ ತಾಲ್ಲೂಕು ಕಚೇರಿ, ಮೇಲ್ಮನವಿಯಾದರೆ ಮುಂದಕ್ಕೆ, ಮಗಳ ಡಿಗ್ರಿಗೆ ಎರಡರಲ್ಲೊಂದು, ಎದೆನೋವಿಗೆ ಚಾಮರಾಜನಗರ. ಸಂಜೆ ವಾಪಸ್ಸು ಬಂದಾಗ ‘ಏನಾಯ್ತು?’ ಎಂದು ಕೇಳಿದರೆ ಅವನ ಉತ್ತರದಲ್ಲಿ ಆ ಊರಿನ ನಿಜವಾದ ಎತ್ತರ ಇದೆ. ಈ ಭಾಗದಲ್ಲಿ ಬಹಳ ಕೇಳಿಬರುವ ಉತ್ತರ, ‘ಮೈಸೂರಿಗೆ ಬರೆದುಕೊಟ್ಟರು’ ಎಂಬುದು. ಆಸ್ಪತ್ರೆಯ ಚೀಟಿಯಿಂದ ಹುಟ್ಟಿದ ಈ ಮಾತು ಈಗ ಟ್ರ್ಯಾಕ್ಟರಿನ ಬಿಡಿಭಾಗಕ್ಕೂ ಹುಡುಗರ ಕೋಚಿಂಗಿಗೂ ಸಲ್ಲುತ್ತದೆ. ಗುಂಡ್ಲುಪೇಟೆ, ಚಾಮರಾಜನಗರ ತಮ್ಮ ತಮ್ಮಲ್ಲೇ ಪೈಪೋಟಿ ನಡೆಸುತ್ತಿದ್ದೇವೆ ಎಂದುಕೊಂಡಿವೆ. ಇಬ್ಬರ ಗಿರಾಕಿಯನ್ನೂ ಮೈಸೂರು ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತಿದೆ.

ಜರ್ಮನಿಯ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ದಕ್ಷಿಣ ಜರ್ಮನಿಯ ಊರುಗಳನ್ನು ಅಭ್ಯಾಸ ಮಾಡಿ, ಒಂದು ಪಟ್ಟಣದ ಸ್ಥಾನ ನಿರ್ಧಾರವಾಗುವುದು ಅದರ ಗಾತ್ರಕ್ಕಿಂತ ಅದು ಸುತ್ತಲಿನವರಿಗೆ ಒದಗಿಸುವ ಸೇವೆಗಳಿಂದ ಎಂದು ತೋರಿಸಿದ. ಆತನ ಸಿದ್ಧಾಂತಕ್ಕೆ ಆಮೇಲೆ ಆಕ್ಷೇಪಗಳು ಬಂದವು, ನಿಜ. ನೆಲ ಎಲ್ಲೂ ಅಷ್ಟು ಸಮತಟ್ಟಲ್ಲ, ಇಲ್ಲಂತೂ ಒಂದು ಮಗ್ಗುಲಿಗೆ ಕಾಡು. ಆದರೂ ಮೂಲದ ಮಾತು ಮಣೇಗಾರರಿಗೂ ಮಂಡಿಯವರಿಗೂ ಗೊತ್ತಿರುವಂಥದ್ದೇ.

ಸೇವೆ ಎಂದರೆ ಕಟ್ಟಡವೂ ಅಲ್ಲ ಎಂಬುದನ್ನು ಚಾಮರಾಜನಗರ ಬಹಳ ಕಷ್ಟದಿಂದ ಕಲಿತಿದೆ. 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. 2021ರ ಮೇ ತಿಂಗಳ ಮೊದಲ ವಾರದಲ್ಲಿ, ಕೋವಿಡ್ ಎರಡನೆಯ ಅಲೆಯ ನಡುವೆ, ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಸತ್ತರು. ಆಮ್ಲಜನಕದ ಸಿಲಿಂಡರು ಮೈಸೂರಿನಿಂದ ಬರಬೇಕಿತ್ತು. ಅದೇ ವರ್ಷ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ 450 ಹಾಸಿಗೆಗಳ ಹೊಸ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ಊರ ಹೊರಗಿನ ಆ ಕಟ್ಟಡ ನಿಜಕ್ಕೂ ಭವ್ಯವಾಗಿದೆ, ಬೇಕಾಗಿಯೂ ಇತ್ತು. ಆದರೆ ಮೇ ತಿಂಗಳ ಆ ರಾತ್ರಿ ಬೇಕಾಗಿದ್ದದ್ದು ಮಹಡಿಯಲ್ಲ, ತುಂಬಿದ ಸಿಲಿಂಡರು.

ವ್ಯಾಪಾರದಲ್ಲೂ ಇದೇ ಪಾಡು. ಗುಂಡ್ಲುಪೇಟೆಯ ಸುತ್ತ ಚೆಂಡುಹೂವು ಅರಳುವಾಗ ಹೆದ್ದಾರಿಯ ಪಕ್ಕ ಕೇರಳದ ಕಾರುಗಳು ಸಾಲಾಗಿ ನಿಂತು ಫೋಟೋ ತೆಗೆಯುತ್ತವೆ. ಓಣಂ ಬಂದರೆ ಇಲ್ಲಿಯ ತರಕಾರಿ ಘಟ್ಟ ಇಳಿಯುತ್ತದೆ. ಅರಿಸಿನ ಈರೋಡಿಗೆ ಹೋಗುತ್ತದೆ. ಹೊಲ ನಮ್ಮದು, ದರ ಅವರದು. ಚಾಮರಾಜನಗರದ ಕರಿಕಲ್ಲಂತೂ ಹೊರನಾಡು, ಹೊರದೇಶಗಳಿಗೆ ಹೋಗಿ ಬೇರೆಯವರ ಎತ್ತರದ ಕಟ್ಟಡಗಳಿಗೆ ಹೊದಿಕೆಯಾಗುತ್ತದೆ; ಇಲ್ಲಿ ಉಳಿಯುವುದು ನೀರು ನಿಂತ ಕ್ವಾರಿ ಗುಂಡಿ. ಯಾವ ಊರಿನ ಗೋಪುರ ಎತ್ತರ ಎಂದು ಜಗಳವಾಡುವ ನಾವು ಈ ಕಲ್ಲನ್ನು ಕೊರೆದು ಪಾಲಿಷ್ ಮಾಡುವ ಲಾಭ ಎಷ್ಟರ ಮಟ್ಟಿಗೆ ಇಲ್ಲಿ ಉಳಿಯಿತು ಎಂದು ಜಗಳವಾಡಿದ್ದರೆ ಚೆನ್ನಾಗಿತ್ತು.

ಪೈಪೋಟಿ ಒಳ್ಳೆಯದಲ್ಲವೇ, ಅವನಿಗೆ ಬಂದದ್ದು ನನಗೂ ಬೇಕೆಂದು ಹಟ ಹಿಡಿದರೆ ತಾನೇ ಸರ್ಕಾರ ಅಲ್ಲಾಡುವುದು ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಗುಂಡ್ಲುಪೇಟೆಗೆ ರಾಜಕೀಯ ಬಲಕ್ಕೆ ಎಂದೂ ಬರವಿರಲಿಲ್ಲ. ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಕೆ.ಎಸ್. ನಾಗರತ್ನಮ್ಮ ಇದೇ ಕ್ಷೇತ್ರದಿಂದ ಗೆದ್ದು ಹೋದವರು. ತೊಂದರೆ ಎಂದರೆ, ಹಟ ಹಿಡಿದವರು ಕೇಳುವುದು ಯಾವಾಗಲೂ ಪಕ್ಕದೂರಿನಲ್ಲಿ ಇರುವುದರ ಇನ್ನೊಂದು ಪ್ರತಿಯನ್ನು. ಹಂಚಿಕೊಳ್ಳುವ ದಾರಿ ಬೇರೆ. ಹುಬ್ಬಳ್ಳಿ, ಧಾರವಾಡ 1962ರಲ್ಲಿ ಒಂದೇ ಪಾಲಿಕೆಯಾದವು. ರೈಲ್ವೆ ವಲಯದ ಕೇಂದ್ರ ಹುಬ್ಬಳ್ಳಿಗೆ, ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ ಧಾರವಾಡಕ್ಕೆ. ಅಲ್ಲೂ ಅಸಮಾಧಾನ ತಪ್ಪಲಿಲ್ಲ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಸಂಪುಟ ಒಪ್ಪಿತು. ಒಂದೇ ಪಾಲಿಕೆ ಎಂದಾದಾಗ ಅನುದಾನ ದೊಡ್ಡವನ ಕಡೆಗೇ ವಾಲುತ್ತದೆ ಎಂಬುದು ಧಾರವಾಡದ ದೂರು. ಒಂದಾಗುವುದು ಬೇಡ, ಕೆಲಸ ಹಂಚಿಕೊಂಡರೆ ಸಾಕು ಎಂಬ ಪಾಠವನ್ನು ನಾವು ಅಲ್ಲಿಂದ ತೆಗೆದುಕೊಳ್ಳಬಹುದು. ಚಾಮರಾಜನಗರ ತನ್ನ ಆಸ್ಪತ್ರೆಯನ್ನೂ ವಿಶ್ವವಿದ್ಯಾಲಯವನ್ನೂ ಮೈಸೂರಿನ ಮಟ್ಟಕ್ಕೆ ತರಲಿ. ಗುಂಡ್ಲುಪೇಟೆ ಹಾದುಹೋಗುವ ಮಾಲನ್ನು ತಡೆದು, ಅದಕ್ಕೆ ಶೈತ್ಯಾಗಾರ, ಸಂಸ್ಕರಣೆ, ಹರಾಜುಕಟ್ಟೆ ಒದಗಿಸಿ, ದರ ಇಲ್ಲೇ ನಿಗದಿಯಾಗುವಂತೆ ಮಾಡಲಿ.

ಇಂದಿಗೆ ತೀರ್ಪು ಹೇಳು ಎಂದರೆ, ನಾನು ಚಾಮರಾಜನಗರಕ್ಕೆ ಅರ್ಧ ಅಂಕ ಹೆಚ್ಚು ಕೊಡುತ್ತೇನೆ. ಕೂಲಿ, ವಹಿವಾಟು, ಚುರುಕು ಗುಂಡ್ಲುಪೇಟೆಯಲ್ಲಿ ಜಾಸ್ತಿ. ಆದರೆ ಲಾಡ್ಜಿನ ಮಹಡಿ ಹಾದುಹೋಗುವವನಿಗೆ, ಆಸ್ಪತ್ರೆಯ ಹಾಸಿಗೆ ಇಲ್ಲಿಯವನಿಗೆ. ಮುಂದಿನ ಸಲ ಎರಡೂ ಊರಿನ ಜನಪ್ರತಿನಿಧಿಗಳು ಬೆಂಗಳೂರಿಗೆ ಬೇಡಿಕೆಪಟ್ಟಿ ಒಯ್ಯುವ ಮೊದಲು ತೆರಕಣಾಂಬಿಯಲ್ಲಿ, ಬೇಗೂರಿನಲ್ಲಿ, ಹರವೆಯಲ್ಲಿ, ಸಂತೇಮರಹಳ್ಳಿಯಲ್ಲಿ ಒಂದೊಂದು ಸಂತೆಯ ದಿನ ನಿಂತು, ನಿಮ್ಮ ಯಾವ ಕೆಲಸ ಮೈಸೂರಿಗೆ ಹೋಗದೆ ಮುಗಿಯುವುದಿಲ್ಲ ಎಂದು ಕೇಳಿ ಬರೆದುಕೊಳ್ಳಲಿ. ಪಟ್ಟಿ ಅಲ್ಲಿಂದಲೇ ಶುರುವಾಗಲಿ.