ಕಾರ್ ಹೋಗುತ್ತಾ?

ಯಲಹಂಕದ ಹಳೇ ಪೇಟೆಯಲ್ಲಿ ಮನೆ ತಗೊಳ್ತಿದ್ದೀನಿ ಅಂತ ಆಫೀಸಿನಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಊಟದ ಟೇಬಲ್ಲಿನಲ್ಲಿದ್ದ ನಾಲ್ಕು ಜನರೂ ಒಂದೇ ಪ್ರಶ್ನೆ ಕೇಳಿದರು. "ಅಲ್ಲಿ ಕಾರ್ ಹೋಗುತ್ತಾ ಗುರು?"

ನೀರು ಬರುತ್ತಾ ಅಂತ ಕೇಳಲಿಲ್ಲ. ಪತ್ರ ಸರಿಯಾಗಿದೆಯಾ ಅಂತ ಕೇಳಲಿಲ್ಲ. ಮಗಳ ಸ್ಕೂಲು ಎಷ್ಟು ದೂರ ಅಂತಲೂ ಕೇಳಲಿಲ್ಲ. ಕಾರ್ ಹೋಗುತ್ತಾ. ಹೋಗಲ್ಲ ಸ್ವಾಮಿ. ಬೀದಿ ತುದಿವರೆಗೆ ಹೋಗುತ್ತೆ, ಅಲ್ಲಿಂದ ನಲವತ್ತು ಹೆಜ್ಜೆ ನಡೀಬೇಕು. ಹೈಸ್ಕೂಲಿಗೆ ದಿನಾ ಮೂರು ಕಿಲೋಮೀಟರ್ ನಡೆದವನು ನಾನು, ನಲವತ್ತು ಹೆಜ್ಜೆಗೆ ಸಾಯಲ್ಲ.

ಹೀಗೆ ಕೇಳಿದವರಲ್ಲಿ ಮೂವರು ನನ್ನ ಹಾಗೇ ಹಳ್ಳಿಯಿಂದ ಬಂದು ಬಿಇ ಮಾಡಿದವರು. ನನಗೆ ಉರಿಯೋದು ಅದಕ್ಕೇ. ಮೂವರೂ ರಾಜಾನುಕುಂಟೆ ಆಚೆ, ಬಾಗಲೂರು ಆಚೆ, ಹತ್ತು ವರ್ಷದ ಹಿಂದೆ ರಾಗಿ ಹೊಲ ಆಗಿದ್ದ ಜಾಗದಲ್ಲಿ ಇಟಲಿಯ ಯಾವುದೋ ಊರಿನ ಹೆಸರಿಟ್ಟುಕೊಂಡ ಅಪಾರ್ಟ್‌ಮೆಂಟುಗಳಲ್ಲಿ ಫ್ಲ್ಯಾಟ್ ತಗೊಂಡಿದ್ದಾರೆ. ಬ್ರೋಷರ್‌ನಲ್ಲಿ "ಹಳ್ಳಿಯ ನೆಮ್ಮದಿ, ನಗರದ ಸೌಲಭ್ಯ" ಅಂತ ಇತ್ತಂತೆ. ಎರಡೂ ಇಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಂದರೆ ಫೋನಿನಲ್ಲಿ ಆರ್ಡರ್ ಮಾಡಬೇಕು, ಇಲ್ಲಾ ಕಾರ್ ತೆಗೀಬೇಕು. ಅದಕ್ಕೇ ಮೊದಲ ಪ್ರಶ್ನೆ ಕಾರಿನದು. ಕಾರಿಲ್ಲದೆ ಆ ಮನೆಯಿಂದ ಎಲ್ಲಿಗೂ ಹೋಗೋಕಾಗಲ್ಲ ಅನ್ನೋದನ್ನ ಅವರು ಅಂತಸ್ತು ಅಂದುಕೊಂಡಿದ್ದಾರೆ.

ನಾನೂ ಹೋಗಿ ನೋಡಿ ಬಂದೆ, ನೋಡಿಲ್ಲ ಅಂತಲ್ಲ. 1,310 ಚದರಡಿ ಅಂದರು. ಕಾರ್ಪೆಟ್ ಏರಿಯಾ ಎಷ್ಟು ಅಂದೆ. ಮಾರಾಟದ ಹುಡುಗ ಒಂದು ಸಲ ಗಂಟಲು ಸರಿ ಮಾಡಿಕೊಂಡು 890 ಅಂದ. 2016ರ ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾ ಹೇಳಲೇಬೇಕು. ಹೇಳ್ತಾರೆ, ಕೇಳಿದರೆ. ಉಳಿದ 420 ಅಡಿ ಲಿಫ್ಟು, ಮೆಟ್ಟಿಲು, ಕಾರಿಡಾರು, ಕ್ಲಬ್ ಹೌಸು. ಅದಕ್ಕೂ ದುಡ್ಡು ಕೊಡಬೇಕು, ಆಮೇಲೆ ತಿಂಗಳು ತಿಂಗಳು ಮೇಂಟೆನೆನ್ಸ್ ಕೂಡ ಆ 1,310ರ ಲೆಕ್ಕದಲ್ಲೇ. 80 ಲಕ್ಷ ಸಾಲ, ಎಂಟೂವರೆ ಪರ್ಸೆಂಟು, 20 ವರ್ಷ ಅಂದರೆ ತಿಂಗಳಿಗೆ ಸುಮಾರು 69,400 ರೂಪಾಯಿ. ಕೊನೇ ಕಂತು ಕಟ್ಟೋ ಹೊತ್ತಿಗೆ 1 ಕೋಟಿ 66 ಲಕ್ಷ ಕಟ್ಟಿರ್ತೀವಿ. ಈ ಲೆಕ್ಕ ಎಕ್ಸೆಲ್ ಬರೋ ಯಾರಿಗಾದರೂ ಎರಡು ನಿಮಿಷದ ಕೆಲಸ. ಆದರೂ ದಿನವಿಡೀ ಎಕ್ಸೆಲ್‌ನಲ್ಲೇ ಬದುಕೋ ನಾವು ಮಾಡಲ್ಲ.

"ಮೆಟ್ರೋ ಬರುತ್ತೆ, ಸಬರ್ಬನ್ ರೈಲು ಬರುತ್ತೆ ಸಾರ್" ಅಂದ ಹುಡುಗ. ಬರಲಿ. ಸಬರ್ಬನ್ ರೈಲಿಗೆ 2022ರ ಜೂನ್‌ನಲ್ಲಿ ಪ್ರಧಾನಿಯೇ ಬಂದು ಶಂಕುಸ್ಥಾಪನೆ ಮಾಡಿ ಹೋದರು. ಬರೋ ರೈಲಿಗೆ ಈಗಲೇ ಚದರಡಿ ಲೆಕ್ಕದಲ್ಲಿ ಟಿಕೆಟ್ ತಗೋಬೇಕಾ? ಹಳೇ ಪೇಟೆಯಿಂದ ಇಪ್ಪತ್ತು ನಿಮಿಷ ನಡೆದರೆ ಯಲಹಂಕ ಸ್ಟೇಷನ್ನು. ಅಲ್ಲಿ ರೈಲು ಈಗಾಗಲೇ ನಿಲ್ಲುತ್ತೆ. ನಮ್ಮೂರು ತೊಂಡೇಬಾವಿ ಹತ್ತಿರ. ಅಪ್ಪ ಅಮ್ಮ ಅಲ್ಲಿ ಪ್ಯಾಸೆಂಜರ್ ಹತ್ತಿದರೆ ಇಲ್ಲಿ ಇಳೀತಾರೆ, ಯಾರೂ ಹೋಗಿ ಕರ್ಕೊಂಡು ಬರಬೇಕಾಗಿಲ್ಲ.

ಅಪ್ಪನ ವಿಷಯ ಬಂತಲ್ಲ, ಇದನ್ನ ಹೇಳಿಬಿಡ್ತೀನಿ. ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗ ಅಂಥದ್ದೇ ಒಂದು ಅಪಾರ್ಟ್‌ಮೆಂಟಿನಲ್ಲಿ ಗೃಹಪ್ರವೇಶ ಮಾಡಿದ. ಅಪ್ಪ ಊರಿಂದ ಹುಣಸೆಹಣ್ಣು, ಅವರೆಕಾಯಿ ಎಲ್ಲಾ ಒಂದು ಚೀಲ ಮಾಡಿ ಹೆಗಲ ಮೇಲೆ ಹೊತ್ತು ತಂದಿದ್ದರು. ಗೇಟಿನಲ್ಲಿ ಹದಿನೈದು ನಿಮಿಷ ನಿಲ್ಲಿಸಿದರು, ಆ್ಯಪ್‌ನಲ್ಲಿ ಒಪ್ಪಿಗೆ ಬರಬೇಕಂತೆ. ಒಪ್ಪಿಗೆ ಬಂದ ಮೇಲೆ ಸೆಕ್ಯುರಿಟಿಯವನು, "ಮೂಟೆ ಇರೋರು ಹಿಂದಿನ ಲಿಫ್ಟಲ್ಲಿ ಹೋಗ್ಬೇಕು ತಾತ" ಅಂದ. ಕಸದ ಡಬ್ಬ ಇಳಿಸೋ ಲಿಫ್ಟು ಅದು. ಅಪ್ಪ ಏನೂ ಅನ್ನದೆ ಅದರಲ್ಲೇ ಹೋದರು. ಪಾಪ, ಆ ಸೆಕ್ಯುರಿಟಿಯವನೂ ಯಾವುದೋ ಹಳ್ಳಿಯವನೇ, ಅವನನ್ನ ಬೈದು ಪ್ರಯೋಜನ ಇಲ್ಲ. ಆ ನಿಯಮ ಬರೆದವರು ಮೀಟಿಂಗಿನಲ್ಲಿ ಕೈ ಎತ್ತಿ ಪಾಸು ಮಾಡಿರ್ತಾರೆ, ಅವರಲ್ಲಿ ಅರ್ಧ ಜನರ ಅಪ್ಪಂದಿರು ಮೂಟೆ ಹೊತ್ತವರೇ.

ಹಳೇ ಪೇಟೆಯಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದೀನಿ. ದಿನಸಿ ಅಂಗಡಿ, ಗಿರಣಿ, ಟೈಲರು, ಚಪ್ಪಲಿ ಹೊಲಿಯೋನು, ಕ್ಲಿನಿಕ್ಕು, ಬಸ್ ಸ್ಟಾಪು ಎಲ್ಲಾ ಕಾಲಳತೆಯಲ್ಲಿ. ಅಮ್ಮ ಬಂದರೆ ಬೆಳಗ್ಗೆ ತಾನೇ ಹೋಗಿ ಸೊಪ್ಪು ತರ್ತಾಳೆ, ಸೊಪ್ಪಿನವಳಿಗೆ ನನ್ನ ಸಂಬಳ ಬಿಟ್ಟು ಬೇರೆಲ್ಲಾ ಹೇಳಿಯೂ ಬರ್ತಾಳೆ. ಹೆಂಡತಿ ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಹತ್ತಕ್ಕೆ ಬಂದರೂ ಬೀದಿಯಲ್ಲಿ ಯಾರಾದರೂ ಎದ್ದಿರ್ತಾರೆ.

ಇನ್ನೊಂದು ತಮಾಷೆ. ಇದನ್ನ "ಔಟ್‌ಸ್ಕರ್ಟ್ಸ್" ಅಂತಾರೆ. ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ಮನೆಯವರು, ಇಲ್ಲಿಂದ ಹೋಗಿ 1537ರಲ್ಲಿ ಬೆಂಗಳೂರು ಪೇಟೆ ಕಟ್ಟಿದರು. ಲೆಕ್ಕಕ್ಕೆ ಬೆಂಗಳೂರೇ ಯಲಹಂಕದ ಎಕ್ಸ್‌ಟೆನ್ಷನ್ನು. 2007ರಲ್ಲಿ ಯಲಹಂಕ ನಗರಸಭೆಯನ್ನ ಬಿಬಿಎಂಪಿಗೆ ಸೇರಿಸಿದ ಮೇಲೆ ನಾವು ಹೊರವಲಯ ಆಗಿಬಿಟ್ವಿ.

ಪೇಟೆ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಚರಂಡಿ ವಾಸನೆ ಇದೆ. ನೀರು ದಿನಾ ಬರಲ್ಲ, ಸಂಪು ಇಲ್ಲದಿದ್ದರೆ ಕತೆ ಮುಗೀತು. (2024ರ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನವರು ಟ್ಯಾಂಕರ್‌ಗೆ ಕಾದಿದ್ದನ್ನೂ ನೋಡಿದ್ದೀನಿ, ಅದು ಬೇರೆ ಮಾತು.) ಪಕ್ಕದ ಗೋಡೆಗೆ ನಮ್ಮ ಗೋಡೆ ಅಂಟಿಕೊಂಡಿದೆ, ಅವರ ಟಿವಿ ಸೀರಿಯಲ್ಲು ನಮಗೂ ಕೇಳಿಸುತ್ತೆ. ಆದರೆ ನಿಜವಾದ ಕಷ್ಟ ಇವ್ಯಾವುದೂ ಅಲ್ಲ, ಕಾಗದ. ಹೊಸ ಪ್ರಾಜೆಕ್ಟಿಗೆ ಬ್ಯಾಂಕಿನವರೇ ಬಿಲ್ಡರ್ ಆಫೀಸಿನಲ್ಲಿ ಟೇಬಲ್ ಹಾಕಿಕೊಂಡು ಕೂತಿರ್ತಾರೆ. ಪೇಟೆಯ 20 ಬೈ 30 ಹಳೇ ಮನೆ ಅಂದರೆ ಅದೇ ಬ್ಯಾಂಕಿನ ವಕೀಲರು ಮೂವತ್ತು ವರ್ಷದ ಇಸಿ, ಮೂಲ ಪತ್ರ, ಖಾತೆ, ವಂಶವೃಕ್ಷ ಎಲ್ಲಾ ಕೇಳ್ತಾರೆ. ಕೇಳಲಿ, ಕೇಳಬೇಕು. ನನ್ನ ತಕರಾರು ಏನಂದರೆ, ಈ ಕಾಗದ ಸರಿ ಮಾಡಿಕೊಡೋಕೆ ಇಲ್ಲಿ ಯಾರೂ ಇಲ್ಲ. ರಾಗಿ ಹೊಲವನ್ನ ಸೈಟು ಮಾಡೋ ಕಾಗದ ಸಲೀಸಾಗಿ ಓಡುತ್ತೆ. ತಲೆಮಾರುಗಳಿಂದ ಜನ ಬಾಳಿದ ಮನೆಯ ಖಾತೆ ಮಾತ್ರ ಕೌಂಟರಿಂದ ಕೌಂಟರಿಗೆ ಅಲೀಬೇಕು. ಹೀಗಾದರೆ ಸಾಲ ಬೇಕಾದವನು ಹೊಲದ ಕಡೆಗೇ ಹೋಗ್ತಾನೆ, ಪೇಟೆ ಕ್ಯಾಷ್ ಇದ್ದವರ ಪಾಲಾಗುತ್ತೆ.

ನಾನು ನೋಡಿರೋ ಮನೆ ಮೂವರು ಅಣ್ಣತಮ್ಮಂದಿರದು, ಅವರಪ್ಪನಿಂದ ಪಿತ್ರಾರ್ಜಿತವಾಗಿ ಬಂದದ್ದು. ವಂಶವೃಕ್ಷ ತೆಗೆಸಿದಾಗ ಗೊತ್ತಾಯಿತು, ಒಬ್ಬ ತಂಗಿ ಇದ್ದಾರೆ, ದೊಡ್ಡಬಳ್ಳಾಪುರಕ್ಕೆ ಕೊಟ್ಟಿದ್ದಾರೆ. ಬ್ರೋಕರ್, "ಹೆಣ್ಮಕ್ಳು ಸೈನ್ ಎಲ್ಲಾ ಯಾಕ್ ಸಾರ್, ಮದ್ವೇಲೇ ಕೊಟ್ಟು ಕಳ್ಸಿದ್ದಾರೆ" ಅಂದ. 2005ರ ತಿದ್ದುಪಡಿ ಆದ ಮೇಲೆ ಮಗಳಿಗೂ ಮಗನಷ್ಟೇ ಹಕ್ಕು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನ ಇನ್ನೂ ಸ್ಪಷ್ಟ ಮಾಡಿದೆ. ಅವರ ಸಹಿ ಇಲ್ಲದೆ ರಿಜಿಸ್ಟರ್ ಮಾಡಿಸಲ್ಲ ಅಂತ ದೊಡ್ಡದಾಗಿ ಭಾಷಣ ಬಿಗಿದು ಮನೆಗೆ ಬಂದೆ.

ಹೆಂಡತಿ ಅನ್ನ ಬಡಿಸ್ತಾ ಕೇಳಿದಳು. "ನಿಮ್ಮಕ್ಕಂಗೆ ಏನ್ ಕೊಟ್ರಿ?"

ಬರೀಬಾರದು ಅಂತಿದ್ದೆ, ಆದರೆ ಇಷ್ಟೆಲ್ಲಾ ಬೈದ ಮೇಲೆ ಮುಚ್ಚಿಡೋದು ಸರಿಯಲ್ಲ. ಈ ಮನೆಗೆ ನಾನು ಹೊಂದಿಸಿರೋ ಮುಂಗಡದಲ್ಲಿ ದೊಡ್ಡ ಪಾಲು ಊರಿನ ಒಂದು ಎಕರೆ ಮಾರಿದ್ದು. ಅವತ್ತು ಅಕ್ಕ ಬಸ್ಸಿನಲ್ಲಿ ಬಂದು ಗೌರಿಬಿದನೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ನಮ್ಮ ಜೊತೆ ಹೋಟೆಲಿನಲ್ಲಿ ಊಟ ಮಾಡಿ, ಅಮ್ಮ ಕೊಟ್ಟ ಒಂದು ಸೀರೆ ತಗೊಂಡು ಹೋದಳು. ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ನಾವೂ ಹೇಳಲಿಲ್ಲ. ಫ್ಲ್ಯಾಟಿನವರನ್ನ ಆಡಿಕೊಳ್ಳೋಕೆ ನನಗಿದ್ದ ಧೈರ್ಯದಲ್ಲಿ ಅವಳ ಪಾಲೂ ಇದೆ. ಅಪ್ಪನಿಗೆ ಫೋನ್ ಮಾಡಿ, ಅಕ್ಕನಿಗೆ ಕೊಡಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡು ಕಣಪ್ಪ, ನಂಗೂ ಹೊಳೀಲಿಲ್ಲ" ಅಂದರು. ಕೊಟ್ಟರೆ ಮುಂಗಡ ಆರು ಲಕ್ಷ ಕಮ್ಮಿ ಬೀಳುತ್ತೆ.

ಈ ಕಡೆ ದೊಡ್ಡಬಳ್ಳಾಪುರದ ಆ ತಂಗಿ, ಅಣ್ಣಂದಿರು ತನ್ನ ಪಾಲು ಕೊಟ್ಟರೆ ಸಹಿ ಹಾಕ್ತೀನಿ ಅಂದಿದ್ದಾರೆ. ನ್ಯಾಯವೇ. ಅಣ್ಣಂದಿರು ಕೊಡಲ್ಲ ಅಂತಾರೆ. "ಬೇಗ ಹೇಳಿ ಸಾರ್, ಸಹಿಗಿಹಿ ಕೇಳದ ಕ್ಯಾಷ್ ಪಾರ್ಟಿ ರೆಡಿ ಇದೆ" ಅಂತ ಬ್ರೋಕರ್ ದಿನಾ ಮೆಸೇಜು. ಆ ಪಾರ್ಟಿ ಮನೆ ಕೆಡವಿ ನಾಲ್ಕು ಮಹಡಿ ಪಿಜಿ ಕಟ್ಟಿಸ್ತಾರಂತೆ.

ಭಾನುವಾರ ಬೆಳಗಿನ ರೈಲಿಗೆ ದೊಡ್ಡಬಳ್ಳಾಪುರಕ್ಕೆ ಹೋಗ್ತಿದ್ದೀನಿ. ಅಪ್ಪ ಆ ಕಡೆಯಿಂದ ಬಂದು ಸ್ಟೇಷನ್ನಿನಲ್ಲಿ ಸೇರ್ತಾರೆ. ದೊಡ್ಡ ಅಣ್ಣನೂ ಬರ್ತೀನಿ ಅಂದಿದ್ದಾರೆ, ಅಷ್ಟು ಮಾತ್ರ ಗಟ್ಟಿ.