ದೆವ್ವದ ಮನೆಯಲ್ಲಿ ಉಷ್ಣಮಾಪಕ

ಕೆಲವು ದಿನಗಳ ಹಿಂದೆ ತರಗತಿಯಲ್ಲಿ ಉಷ್ಣಪ್ರಸಾರದ ಪಾಠ ನಡೆದಿದ್ದಾಗ, ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಪಠ್ಯಪುಸ್ತಕದ ಮರೆಯಲ್ಲಿ ಬೇರೊಂದು ಪುಸ್ತಕವನ್ನಿಟ್ಟುಕೊಂಡು ತನ್ಮಯನಾಗಿ ಓದುತ್ತಿದ್ದುದು ನಮ್ಮ ಕಣ್ಣಿಗೆ ಬಿದ್ದಿತು. ಅದು ಅಮೆರಿಕದ ಲೇಖಕಿ ಶರ್ಲಿ ಜ್ಯಾಕ್‌ಸನ್ 1959ರಲ್ಲಿ ಪ್ರಕಟಿಸಿದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಎಂಬ ಕಾದಂಬರಿ. ಪುಸ್ತಕವನ್ನು ವಶಪಡಿಸಿಕೊಂಡೆವು. ಅದನ್ನು ಕೊನೆಯ ಪುಟದವರೆಗೆ ಓದಿದ ಮೇಲೆಯೇ ಆ ರಾತ್ರಿ ದೀಪವಾರಿಸಿದೆವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ವಿಜ್ಞಾನದ ವಿದ್ಯಾರ್ಥಿಗಳು ಇಂತಹ ದೆವ್ವದ ಕಥೆಗಳನ್ನು ಓದಬಹುದೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಓದಬಹುದು, ಆದರೆ ಕಣ್ತೆರೆದು ಓದಬೇಕು ಎಂಬುದು ನಮ್ಮ ಅಭಿಪ್ರಾಯ.

ಕಥೆ ಹೀಗಿದೆ. ಡಾಕ್ಟರ್ ಮಾಂಟೇಗ್ಯೂ ಎಂಬ ವಿದ್ವಾಂಸನು ಅಪಖ್ಯಾತಿ ಪಡೆದ ಹಳೆಯ ಬಂಗಲೆಯೊಂದನ್ನು ಬೇಸಗೆಯಲ್ಲಿ ಬಾಡಿಗೆಗೆ ಹಿಡಿದು, ಅಲ್ಲಿಯ ವಿಚಿತ್ರಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಲು ಕೆಲವರನ್ನು ಜೊತೆಗೆ ಕರೆಸಿಕೊಳ್ಳುತ್ತಾನೆ. ಮಕ್ಕಳ ಕೋಣೆಯ ಬಾಗಿಲಿನ ಮುಂದೆ ಒಂದು ಸ್ಥಳದಲ್ಲಿ ಕಾಲಿಟ್ಟವರಿಗೆಲ್ಲ ಮೈ ಕೊರೆಯುವ ಚಳಿಯಾಗುತ್ತದೆ. ಡಾಕ್ಟರನು ಉಷ್ಣಮಾಪಕವನ್ನು ತಂದು ಅಲ್ಲಿ ಹಿಡಿಯುತ್ತಾನೆ, ಪಾದರಸ ಕದಲುವುದಿಲ್ಲ. ಆಗ ಅವನಿಗೆ ಸಿಟ್ಟು ಬರುತ್ತದೆ!

ಓದುಗರು ಈ ಭಾಗವನ್ನು ನಸುನಕ್ಕು ದಾಟಿಬಿಡುತ್ತಾರೆ. ನಮಗೆ ಇಡೀ ಗ್ರಂಥದಲ್ಲಿ ಅತ್ಯಂತ ಮುಖ್ಯವೆನಿಸಿದುದು ಇದೇ. ಚಳಿಯಾಯಿತೆಂಬುದು ಸುಳ್ಳಲ್ಲ; ಉಷ್ಣತೆ ಇಳಿಯಲಿಲ್ಲವೆಂಬುದೂ ಸುಳ್ಳಲ್ಲ. ಒಂದೇ ಕೋಣೆಯಲ್ಲಿ ರಾತ್ರಿಯೆಲ್ಲ ಇದ್ದ ಹಿತ್ತಾಳೆಯ ಚೊಂಬನ್ನೂ ಮರದ ಮಣೆಯನ್ನೂ ಬೆಳಿಗ್ಗೆ ಮುಟ್ಟಿ ನೋಡಿ. ಎರಡರ ಉಷ್ಣತೆಯೂ ಒಂದೇ ಆದರೂ ಚೊಂಬು ತಣ್ಣಗೆ ತೋರುತ್ತದೆ. ಏಕೆಂದರೆ ನಮ್ಮ ಚರ್ಮವು ವಸ್ತುವಿನ ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ. ಮೈಯಿಂದ ಶಾಖವು ಎಷ್ಟು ಬೇಗ ಹೊರಗೆ ಹರಿಯುತ್ತಿದೆಯೆಂಬುದನ್ನು ತಿಳಿಸುತ್ತದೆ. ಬಾಗಿಲ ಸಂದಿಯಿಂದ ಸುಳಿಯುವ ಗಾಳಿಗೂ ಇದೇ ಶಕ್ತಿಯುಂಟು. ಭಯವಾದಾಗ ಚರ್ಮದ ರಕ್ತನಾಳಗಳು ಸಂಕೋಚಗೊಂಡು ಕೈಕಾಲು ತಣ್ಣಗಾಗುವುದೂ ಉಂಟು. ಆದುದರಿಂದ ಪಾದರಸ ಕದಲದಿದ್ದುದು ಸೋಲಲ್ಲ. ‘ಚಳಿಯ ಕಾರಣವನ್ನು ಬೇರೆಡೆ ಹುಡುಕು’ ಎಂದು ಉಪಕರಣವು ಕೊಟ್ಟ ಉತ್ತರ ಅದು. ಡಾಕ್ಟರನಿಗೆ ಈ ಉತ್ತರ ಬೇಡವಾಗಿತ್ತು.

ಇದು ಕಥೆಯ ಮಾತಾಯಿತು. ವಾಸ್ತವ ಜಗತ್ತಿನಲ್ಲಿಯೂ ಇಂತಹುದು ನಡೆದಿದೆ. ಇದೇ ಕಾದಂಬರಿಯಲ್ಲಿ ಹೆಸರು ಬರುವ ಬೋರ್ಲಿಯ ಪಾದ್ರಿ ಬಂಗಲೆ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿತ್ತು. ಹ್ಯಾರಿ ಪ್ರೈಸ್ ಎಂಬಾತನು 1937ರಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಪಡೆದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, 48 ಮಂದಿ ವೀಕ್ಷಕರನ್ನು ಆರಿಸಿದನು. ಆ ಮನೆಯಲ್ಲಿ ಏನೇನು ಕಾಣಬಹುದು, ಏನೇನು ಕೇಳಬಹುದು ಎಂಬ ವಿವರಗಳಿದ್ದ ಕೈಪಿಡಿಯನ್ನು ಅವರಿಗೆ ಮೊದಲೇ ಹಂಚಿದನು. ಉತ್ತರವನ್ನು ಮುಂಗಡ ತಿಳಿಸಿ ಪ್ರಶ್ನೆ ಕೇಳಿದಂತಾಯಿತು! 1939ರಲ್ಲಿ ಮನೆ ಬೆಂಕಿಗೆ ತುತ್ತಾಯಿತು. 1940ರಲ್ಲಿ ಪ್ರೈಸನ ಗ್ರಂಥ ಹೊರಬಂದು ಬಹು ಪ್ರಸಿದ್ಧವಾಯಿತು. ಆದರೆ ಡಿಂಗ್‌ವಾಲ್, ಗೋಲ್ಡ್‌ನಿ ಮತ್ತು ಹಾಲ್ ಎಂಬ ಮೂವರು ಸಂಶೋಧಕರು ದಾಖಲೆಗಳನ್ನೆಲ್ಲ ಮತ್ತೆ ಪರಿಶೀಲಿಸಿ 1956ರಲ್ಲಿ ವರದಿ ಪ್ರಕಟಿಸಿದಾಗ, ಇಲಿಗಳ ಓಡಾಟ, ಕಟ್ಟಡದ ಆಕಾರದಿಂದಾದ ಧ್ವನಿಯ ವೈಚಿತ್ರ್ಯ, ಮನುಷ್ಯರ ಕೈವಾಡ ಮೊದಲಾದ ಕಾರಣಗಳು ಮುಂದೆ ಬಂದವು.

ದೆವ್ವವೆಂದು ನಂಬಿದರೆ ನಷ್ಟವೇನು, ಮನರಂಜನೆಯಾದರೂ ಆಗುತ್ತದಲ್ಲ ಎನ್ನುವವರಿದ್ದಾರೆ. ನಷ್ಟವು ಪ್ರಾಣದಷ್ಟೇ ದೊಡ್ಡದಾಗಬಹುದು. 1921ರಲ್ಲಿ ವಿಲ್ಮರ್ ಎಂಬ ಅಮೆರಿಕದ ನೇತ್ರವೈದ್ಯರು ಒಂದು ಕುಟುಂಬದ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಮನೆಯೊಂದಕ್ಕೆ ಬಂದ ಆ ಕುಟುಂಬದವರಿಗೆ ತಲೆನೋವು ಶುರುವಾಯಿತು; ಯಾರೂ ಇಲ್ಲದ ಕಡೆ ಹೆಜ್ಜೆಯ ಸಪ್ಪಳ ಕೇಳಿಸಿತು; ಅಪರಿಚಿತ ಆಕೃತಿಗಳು ಕಾಣಿಸಿದವು. ಆಪ್ತರೊಬ್ಬರು ತಾವು ಹಿಂದೆ ಓದಿದ್ದ ಲೇಖನವೊಂದನ್ನು ಜ್ಞಾಪಿಸಿಕೊಂಡುದರಿಂದ ಕಾರಣ ಹೊರಬಿದ್ದಿತು. ಮನೆಯನ್ನು ಬೆಚ್ಚಗಿಡುವ ಒಲೆ ಕೆಟ್ಟು, ಹೊಗೆಕೊಳವೆಯಿಂದ ಹೊರಹೋಗಬೇಕಾಗಿದ್ದ ಅನಿಲಗಳು ಕೋಣೆಗಳಲ್ಲಿಯೇ ತುಂಬುತ್ತಿದ್ದವು. ಅವುಗಳಲ್ಲಿದ್ದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಗಾಢವಾಗಿ ಸೇರಿಕೊಂಡು ಮಿದುಳನ್ನು ಆಮ್ಲಜನಕವಿಲ್ಲದಂತೆ ಮಾಡುತ್ತದೆ. ಆ ಮನೆಗೆ ಮಂತ್ರವಾದಿಯನ್ನು ಕರೆಸಿದ್ದರೆ ಏನಾಗುತ್ತಿತ್ತು? ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ, ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಪ್ರಾಣ ಕಳೆದುಕೊಂಡವರು ನಮ್ಮ ನಾಡಿನಲ್ಲಿಯೂ ಇದ್ದಾರೆ.

ಇಷ್ಟನ್ನು ಓದಿ, ದೆವ್ವವನ್ನು ನಂಬುವವರನ್ನು ಹಾಸ್ಯ ಮಾಡಲು ಹೊರಡುವ ತರುಣರಿಗೂ ಒಂದು ಮಾತು ಹೇಳಬೇಕಾಗಿದೆ. ಇಂಗ್ಲೆಂಡಿನ ವಿಕ್ ಟ್ಯಾಂಡಿಯವರಿಗೆ ತಮ್ಮ ಪ್ರಯೋಗಾಲಯದಲ್ಲಿ ಬೂದುಬಣ್ಣದ ಆಕೃತಿಯೊಂದು ಕಣ್ಣಂಚಿನಲ್ಲಿ ಸುಳಿದಂತೆ ತೋರಿತು. ಅಲ್ಲಿಯ ಬೀಸಣಿಗೆಯೊಂದು ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳಿಸದ ಧ್ವನಿಯನ್ನು ಹೊರಡಿಸುತ್ತಿದ್ದುದೇ ಕಾರಣವೆಂದು ಅವರು 1998ರಲ್ಲಿ ಬರೆದರು. ‘ದೆವ್ವದ ರಹಸ್ಯ ಬಯಲಾಯಿತು’ ಎಂದು ಅನೇಕರು ಸಂತೋಷಪಟ್ಟರು. ಆದರೆ ಲಂಡನ್ನಿನ ಸಂಶೋಧಕರು ಅಂತಹ ಧ್ವನಿಯನ್ನೂ ವಿದ್ಯುತ್ಕಾಂತ ಕ್ಷೇತ್ರಗಳನ್ನೂ ಕೃತಕವಾಗಿ ಉಂಟುಮಾಡಬಲ್ಲ ಕೋಣೆಯೊಂದನ್ನು ಕಟ್ಟಿ, 79 ಮಂದಿಯನ್ನು ಅದರೊಳಗೆ ಕಳುಹಿಸಿದರು. ವಿಚಿತ್ರ ಅನುಭವಗಳಾದುವೆಂದು ಹಲವರು ಹೇಳಿದರು. ಆದರೆ ಧ್ವನಿ ಇತ್ತೋ ಇಲ್ಲವೋ ಎಂಬುದಕ್ಕೂ ಆ ಅನುಭವಗಳಿಗೂ ಸಂಬಂಧ ಕಾಣಲಿಲ್ಲ. ಏನೋ ಆಗಬಹುದೆಂಬ ನಿರೀಕ್ಷೆಯೇ ಕಾರಣವಾಗಿರಬೇಕೆಂದು ಅವರು 2009ರಲ್ಲಿ ಪ್ರಕಟಿಸಿದರು. ವೈಜ್ಞಾನಿಕ ಪದಗಳಿದ್ದ ಮಾತ್ರಕ್ಕೆ ವಿವರಣೆಯೊಂದು ಸತ್ಯವಾಗುವುದಿಲ್ಲ. ನಮಗೆ ಪ್ರಿಯವಾದ ಊಹೆಗೆ ಪಾದರಸ ಸಮ್ಮತಿಸದಿದ್ದಾಗ ನಾವೂ ಮಾಂಟೇಗ್ಯೂನಂತೆ ಸಿಟ್ಟಾಗುವ ಅಪಾಯವಿದೆ.

ಮರುದಿನ ಆ ವಿದ್ಯಾರ್ಥಿಗೆ ಪುಸ್ತಕವನ್ನು ಹಿಂದಿರುಗಿಸಿದೆವು. ಉಷ್ಣಮಾಪಕ ಬರುವ ಪುಟವನ್ನು ಇನ್ನೊಮ್ಮೆ ಓದೆಂದೆವು. ನಿಮಗೂ ನಾವು ಹೇಳುವುದು ಇಷ್ಟೇ. ಭಯದ ಕಥೆಗಳನ್ನು ಓದಿ, ಸಂತೋಷವಾಗಿ ಬೆಚ್ಚಿಬೀಳಿ. ಆದರೆ ನಿಮ್ಮ ಊರಿನಲ್ಲಿ ಯಾವುದಾದರೂ ಮನೆಯಲ್ಲಿ ದೆವ್ವವಿದೆಯೆಂದು ಯಾರಾದರೂ ಹೇಳಿದರೆ, ಅವರನ್ನು ಸುಳ್ಳುಗಾರರೆನ್ನಬೇಡಿ. ಮೊದಲು ಕಿಟಕಿಗಳನ್ನು ತೆರೆಯಿಸಿ; ಒಲೆಯನ್ನು ಪರೀಕ್ಷಿಸಲು ಹೇಳಿ; ತಲೆನೋವಿರುವವರನ್ನು ವೈದ್ಯರಲ್ಲಿಗೆ ಕಳುಹಿಸಿ. ಅನಂತರ ಏನಾಯಿತು, ಎಷ್ಟು ಹೊತ್ತಿಗಾಯಿತು ಎಂಬುದನ್ನು ಬರೆದಿಡಿ. ಕಾರಣ ತಿಳಿಯದಿದ್ದಲ್ಲಿ ‘ತಿಳಿಯದು’ ಎಂದೇ ಬರೆಯಿರಿ. ಹಾಗೆ ಬರೆಯಲು ಸಂಕೋಚಪಡಬೇಕಾಗಿಲ್ಲ.